ಊದುಗೊಳವೆಯೊಳಗಿನ ಸಂಸಾರ

ನಾನು ಒಂದು ಊದುಗೊಳವೆ. ಊದುವ ಕೆಲಸ ತಪ್ಪಿ ಬಹಳ ಕಾಲವಾಯಿತು, ಹೆಸರು ಮಾತ್ರ ಬಿಟ್ಟಿಲ್ಲ. ಮೇದಾರ ಲಚ್ಚಪ್ಪ ಬುಟ್ಟಿ ಹೆಣೆದು ಮಿಕ್ಕ ಬಿದಿರಿನ ತುಂಡಿಗೆ ಕಾದ ಸಲಾಕೆ ತೂರಿಸಿ ನನ್ನನ್ನು ಮಾಡಿದ. ಕೊಂಡವಳು ಕಾಶೀಬಾಯಿ, ಕಲಬುರಗಿ ಕಡೆಯ ತೊಗರಿ ಹೊಲದೊಡತಿ. ವರ್ಷಗಟ್ಟಲೆ ಅವಳ ಉಸಿರು ನನ್ನೊಳಗೆ ಹಾದುಹೋಯಿತು, ಜೊತೆಗೆ ಹಸಿ ಕಟ್ಟಿಗೆಗೆ ಬಿದ್ದ ಬೈಗುಳವೂ. ಮನೆಗೆ ಕಬ್ಬಿಣದ ಕೊಳವೆ ಬಂದಾಗ ನನ್ನನ್ನು ಹೊಲಕ್ಕೊಯ್ದು, ಗುಡಿಸಲಿನ ಮಣ್ಣುಗೋಡೆಗೆ ಗೂಟವಾಗಿ ಹೊಡೆದಳು. ಒಂದು ತುದಿಗೆ ಮಣ್ಣು ಮೆತ್ತಿಕೊಂಡಿತು, ಇನ್ನೊಂದಕ್ಕೆ ಬುತ್ತಿಗಂಟು ಜೋತುಬಿತ್ತು.

ಆಗ ಆ ಸುತ್ತಿನಲ್ಲಿ ಜೇನು, ದುಂಬಿ ಒಂದೂ ಇರಲಿಲ್ಲ. ಎಲ್ಲರೂ ಸೇರಿ ಔಷಧಿ ಹೊಡೆದು ಮುಗಿಸಿದ್ದರು. ತೊಗರಿ ಹೂ ಬಿಡುತ್ತಿತ್ತು, ಕಾಯಿ ಅಲ್ಲೊಂದು ಇಲ್ಲೊಂದು. ಅಂಥದರಲ್ಲಿ ಎಲ್ಲಿಂದಲೋ ಒಂಟಿ ಜೇನೊಂದು ಬಂತು. ಎಲೆಯನ್ನು ದುಂಡಗೆ ಕತ್ತರಿಸಿ ತಂದು ನನ್ನೊಳಗೆ ಕೋಣೆ ಕಟ್ಟಿತು. ಕೋಣೆಗೊಂದು ಪರಾಗದ ಉಂಡೆ, ಅದರ ಮೇಲೊಂದು ಮೊಟ್ಟೆ. ಹೆಣ್ಣುಮಕ್ಕಳು ಒಳಗೆ, ಗಂಡುಮಕ್ಕಳು ಬಾಯಿಯ ಬಳಿ. ಬಾಗಿಲು ಮುಚ್ಚಿ ತಾಯಿ ಸತ್ತಳು. ಮಕ್ಕಳು ಏಳಬೇಕಾದದ್ದು ಮುಂದಿನ ತೊಗರಿ ಹೂವಿಗೆ.

ಆ ವರ್ಷ ಗುಡಿಸಲಿನ ಸುತ್ತ ಕಾಯಿ ಗೊಂಚಲುಗೊಂಚಲಾಗಿ ಹಿಡಿಯಿತು. ಕಾಶೀಬಾಯಿಗೆ ಯಾರ ಪುಣ್ಯವೆಂದು ತಿಳಿಯಿತು. ತಿಳಿದದ್ದೇ ತಪ್ಪಾಯಿತು. ಬಿದಿರಿಗೆ ಕುಟ್ಟೆಹುಳ ಹತ್ತೀತೆಂದು, ನಮ್ಮ ಕಡೆಯವರು ಮಾಡುವಂತೆ, ನನ್ನನ್ನು ಮನೆಗೆ ತಂದು, ಹೊಗೆ ತಾಗಲೆಂದು ನೀರೊಲೆಯ ಮೇಲಿನ ಅಟ್ಟದಲ್ಲಿಟ್ಟಳು. ಪ್ರೀತಿಯಿಂದಲೇ ಇಟ್ಟಳು. ಅವಳನ್ನು ಬೈಯಲು ಈಗಲೂ ನನಗೆ ಮನಸ್ಸು ಬರುವುದಿಲ್ಲ.

ದಿನವೂ ಬಿಸಿ. ಒಳಗಿದ್ದವಕ್ಕೆ ಕಾಲ ಬಂತೆನಿಸಿತು. ಆಷಾಢದಲ್ಲೇ ಗಂಡುಗಳೆಲ್ಲ ಎದ್ದವು, ಹಿಂದೆಯೇ ಹೆಣ್ಣುಗಳು. ಹೊಲದಲ್ಲಿ ತೊಗರಿ ಇನ್ನೂ ಗೇಣುದ್ದ, ಎಲ್ಲೂ ಒಂದು ಹೂವಿಲ್ಲ. ಕಾಶೀಬಾಯಿ ಕಿಟಕಿಯ ಕೆಳಗೆ ಸತ್ತವನ್ನು ಸೆರಗಿಗೆ ಬಳಿದುಕೊಂಡಳು. ಮರುದಿನವೇ ನನ್ನನ್ನು ಗುಡಿಸಲಿಗೆ ಒಯ್ದು ಮೊದಲಿನ ತೂತಿಗೇ ಸಿಕ್ಕಿಸಿದಳು.

ಬಿಸಿ ಮುಟ್ಟದ ಕೊನೆಯ ಕೋಣೆಯಲ್ಲಿ ಒಂದು ಹೆಣ್ಣು ಉಳಿದಿತ್ತು. ಹೂ ಬಿಟ್ಟಾಗ ಅದು ಎದ್ದಿತು. ಜೊತೆಗೆ ಒಂದು ಗಂಡಿಲ್ಲ. ಆದರೂ ಎಲೆ ತಂದಿತು, ಉಂಡೆ ಕಟ್ಟಿತು, ನನ್ನನ್ನು ಬಾಯಿಯವರೆಗೆ ತುಂಬಿಸಿ ಸತ್ತಿತು. ಕಾಶೀಬಾಯಿಗೆ ಹೋದ ಜೀವ ಬಂದಂತಾಯಿತು. ಈ ಸಲ ನನ್ನನ್ನು ಗೋಡೆಯಿಂದ ಅಲುಗಿಸಲಿಲ್ಲ. ನನಗೆ ಮಾತ್ರ ಸಂಕಟ. ಜೇನುಗಳಲ್ಲಿ ಗಂಡು ಕೂಡದ ಹೆಣ್ಣಿಗೆ ಹುಟ್ಟುವವೆಲ್ಲ ಗಂಡೇ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಈಗ ನಾನು ಸೀಳಿಹೋಗಿದ್ದೇನೆ, ಒಳಗೆಲ್ಲ ಕುಟ್ಟೆಹುಳದ ಪುಡಿ. ಈ ವರ್ಷ ತೊಗರಿ ಹೂವಿನಿಂದ ಹಳದಿಯಾದ ವಾರವೇ ಆ ಗಂಡುಗಳು ಹೊರಬಂದವು, ಸರಿಯಾದ ಕಾಲಕ್ಕೆ. ಬಂದವು ಹೊಲಕ್ಕೆ ಹೋಗದೆ ನನ್ನ ಬಾಯಿಯ ಮುಂದೆಯೇ ಸುತ್ತತೊಡಗಿದವು. ಬುಟ್ಟಿ ಕೊಡಲು ಬಂದ ಲಚ್ಚಪ್ಪನನ್ನು ಕಾಶೀಬಾಯಿ ಕರೆದು ತೋರಿಸಿದಳು.

"ನೋಡು ಲಚ್ಚಪ್ಪ, ಇವಕ್ಕ ಹುಟ್ಟಿದ ಮನಿ ಬಿಟ್ಟು ಹೋಗಲಾಕ ಮನಸ್ಸೇ ಇಲ್ಲ."

ಲಚ್ಚಪ್ಪ ಹೌದೆಂದು ತಲೆಯಾಡಿಸಿದ. ಅವು ಕಾಯುತ್ತಿದ್ದುದು ಹಿಂದಿನಿಂದ ಬರಬೇಕಾದ ಹೆಣ್ಣುಗಳಿಗಾಗಿ. ಸಂಜೆಯವರೆಗೆ ಕಾದವು, ಮರುದಿನವೂ ಬಂದು ಕಾದವು. ನನ್ನೊಳಗೆ ಯಾರೂ ಇರಲಿಲ್ಲ.