ಮುನಿವೆಂಕಟಮ್ಮನ ಬಾವಿಯ ಕೆಳಗಿನ ರಸ್ತೆ

"ಮಲಗಿರೋರ ಮೂಗಿಗೆ ದಿಂಬು ಒತ್ತಿದ ಹಾಗೆ ಬಾವಿ ಮುಚ್ತೀಯೇನಯ್ಯಾ? ಒಂದು ಕೊಳವೆ ಬಿಡೋಕೆ ನಿಮ್ಮಪ್ಪನ ಮನೆ ಗಂಟು ಹೋಗುತ್ತಾ?"

"ಬಾವಿಗೆ ಮೂಗಿಲ್ಲಮ್ಮ. ಕಲ್ಲು, ಮಣ್ಣು, ನೀರು. ಅಷ್ಟೇ."

"ನಿನಗಿದೆಯಲ್ಲ ಮೂಗು. ಮೊದಲು ಅದಕ್ಕೆ ಸಿಮೆಂಟು ಮೆತ್ಕೊ. ಆಮೇಲೆ ನನ್ನ ಬಾವಿ ಹತ್ರ ಬಾ."

ಈ ಜಗಳ ನಡೆದಾಗ ನಾನಿನ್ನೂ ಪೂರ್ತಿ ಹುಟ್ಟಿರಲಿಲ್ಲ. ನಾನು ಒಂದು ರಸ್ತೆ. ಊರ ನಡುವಿನ ಹಳೇ ಪೇಟೆಯ ಅಡಿಯಲ್ಲಿ, ಒಂದು ಬಾಯಿಂದ ಇನ್ನೊಂದು ಬಾಯಿಗೆ ಓಡುವ ಸುರಂಗದ ರಸ್ತೆ. ಆ ದಿನ ನನ್ನ ಅರ್ಧ ಮೈ ತೆರೆದ ಗುಂಡಿಯಾಗಿತ್ತು. ಅಗೆಯುವ ಯಂತ್ರ ಮುನಿವೆಂಕಟಮ್ಮನ ಹಿತ್ತಲ ಬಾವಿಯ ಬಳಿಗೆ ಬಂದು ನಿಂತಿತ್ತು.

ಆಕೆ ಮೇದರ ಹೆಂಗಸು. ಮನೆಯ ಮುಂಭಾಗದಲ್ಲೇ ಅಂಗಡಿ. ಬುಟ್ಟಿ, ತಟ್ಟಿ, ಗೌರಿ ಹಬ್ಬ ಬಂತೆಂದರೆ ಬಾಗಿನದ ಮೊರ. ಬಿದಿರಿನ ಸೀಳು ನೆನೆಹಾಕಲು ಅತ್ತೆಯ ಕಾಲದಿಂದಲೂ ಆ ಬಾವಿಯ ನೀರೇ ಆಗಬೇಕು. ಮನೆ ಉಳಿಯಬೇಕಾದರೆ ಬಾವಿ ಬಿಡಬೇಕು ಎಂದು ಸರ್ಕಾರದವರು ಹೇಳಿದ್ದರು. ಒಪ್ಪಿದ್ದಳು. ಆದರೆ ನಮ್ಮ ಕಡೆ ಬಾವಿಯನ್ನು ಸುಮ್ಮನೆ ಮುಚ್ಚುವುದಿಲ್ಲ. ಅದು ಉಸಿರಾಡಲಿ ಎಂದು ತಳದಿಂದ ಮೇಲಕ್ಕೆ ಒಂದು ಕೊಳವೆ ನಿಲ್ಲಿಸಿ, ಆಮೇಲೆ ಮಣ್ಣು ತುಂಬುತ್ತಾರೆ. ಇಲ್ಲದಿದ್ದರೆ ಆ ಮನೆಗೆ ಒಳ್ಳೆಯದಾಗುವುದಿಲ್ಲ ಎಂಬ ನಂಬಿಕೆ.

ಆಕೆಯ ಜೊತೆ ಜಗಳಕ್ಕೆ ನಿಂತಿದ್ದ ಇಂಜಿನಿಯರ್ ಗುರುನಂಜಪ್ಪ ಆಗ ಎಳೆಯ. ಕಾಲೇಜಿನ ಬಿಸಿ ಇನ್ನೂ ತಲೆಯಲ್ಲಿತ್ತು. ಕೊಳವೆ ಬೇಡ ಎಂದು ಕೂಗಿ, ಫೋನ್ ಬಂತೆಂದು ಆಚೆ ಹೋದ. ಮೇಸ್ತ್ರಿ ಚೌಡಪ್ಪ ಅತ್ತಿತ್ತ ನೋಡಿದ. ಬಾವಿಯ ಉಸಿರು ಕಟ್ಟಿದ ಪಾಪ ಹೊತ್ತುಕೊಂಡು ಊರಿಗೆ ಹೋಗಲು ಅವನಿಗೂ ಧೈರ್ಯವಿರಲಿಲ್ಲ. ಒಂದು ಕಬ್ಬಿಣದ ಕೊಳವೆ ತಂದು ನಿಲ್ಲಿಸಿಯೇಬಿಟ್ಟ. ಬಾವಿಯ ತಳ ಸರಿಯಾಗಿ ನನ್ನ ಚಾವಣಿಗೆ ಬಂದು ಕೂತಿತ್ತು. ಕಾಂಕ್ರೀಟು ಹಾಕುವಾಗ ಕೊಳವೆಯ ಕೆಳತುದಿ ಮುಚ್ಚಿಹೋಗುವುದರಲ್ಲಿತ್ತು. ಎರಡೂ ತುದಿ ತೆರೆದಿದ್ದರೆ ತಾನೆ ಉಸಿರು ಎಂದುಕೊಂಡು, ಚೌಡಪ್ಪ ಆ ತುದಿಯನ್ನು ನನ್ನ ಚಾವಣಿ ದಾಟಿಸಿ ಕೆಳಕ್ಕೆ ಬಿಟ್ಟ. ಪಕ್ಕದಲ್ಲೇ ಒಂದು ದೀಪದ ಡಬ್ಬಿ ಕೂರಿಸಿ ಮರೆ ಮಾಡಿದ. ಮೇಲೆ ಮುನಿವೆಂಕಟಮ್ಮ ಕೊಳವೆಯ ಬಾಯಿಗೆ ಒಂದು ಬುಟ್ಟಿ ಕವುಚಿದಳು. ಎಲ್ಲರ ಕೆಲಸವೂ ಮುಗಿಯಿತು.

ನನ್ನನ್ನು ತೆರೆದ ದಿನ ಮಂತ್ರಿಗಳು ಬಂದರು, ಟೇಪು ಕತ್ತರಿಸಿದರು, ಎರಡು ಬಾಯಿಗೂ ಮಾವಿನ ತೋರಣ. ಆಮೇಲೆ ಶುರುವಾಯಿತು ನೋಡಿ ನನ್ನ ಬದುಕು. ಮೇಲಿನ ಪೇಟೆಯಲ್ಲಿ ಕೈಗಾಡಿ, ಎತ್ತಿನ ಗಾಡಿ, ಆಟೋ ಒಂದರ ಬಾಲ ಒಂದು ಹಿಡಿದು ನಿಲ್ಲುತ್ತಿದ್ದ ಕಾಲ. ರೈಲ್ವೆ ಗೂಡ್ಸ್ ಶೆಡ್ಡಿನಿಂದ ತರಕಾರಿ ಮಂಡಿಗೆ ಲಾರಿ ಬರುವಷ್ಟರಲ್ಲಿ ಸೊಪ್ಪು ಬಾಡುತ್ತಿತ್ತು. ಆಂಬುಲೆನ್ಸಿನೊಳಗೇ ಹೆರಿಗೆಯಾಗುತ್ತಿತ್ತು. ಅದನ್ನೆಲ್ಲ ನಿಲ್ಲಿಸಿದ್ದು ನಾನು. ಹೊಗಳಿಕೊಳ್ಳುತ್ತೇನೆ ಎಂದು ಯಾರಾದರೂ ಅಂದರೆ ಅನ್ನಲಿ. ಮಾಡಿದ ಕೆಲಸ ಹೇಳಿಕೊಳ್ಳಲು ನನಗೇನು ನಾಚಿಕೆ?

ನನಗೆ ಸಿಟ್ಟು ಜಾಸ್ತಿ. ಚಾವಣಿಯ ಕೆಳಗೆ ಬಂದ ಕೂಡಲೇ ಪೋಂ ಎಂದು ಹಾರ್ನ್ ಒತ್ತಿ ತಮ್ಮದೇ ಸದ್ದು ಕೇಳಿ ನಗುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಗೋಡೆಗೆ ಎಲೆಅಡಿಕೆ ಉಗಿಯುವವರಿಗಂತೂ ಅಲ್ಲೇ ಟೈರು ಪಂಚರ್ ಆಗಲಿ ಎಂದು ಶಾಪ ಹಾಕಿದ್ದೇನೆ. ಒಂದೊಂದು ಸಲ ಫಲಿಸಿದೆ. ಒಂದು ಮಳೆಗಾಲದಲ್ಲಿ ನನ್ನ ಪಂಪು ಕೆಟ್ಟು ಸೊಂಟದವರೆಗೆ ನೀರು ನಿಂತಾಗ, ಊರೆಲ್ಲ ನನ್ನನ್ನು ಬೈದು ಮೂರೇ ದಿನಕ್ಕೆ ಮತ್ತೆ ನನ್ನ ಬಾಗಿಲಿಗೇ ಬಂದು ಸಾಲು ನಿಂತಿತು. ಬೇರೆ ಗತಿಯೇನಿದೆ ಇವರಿಗೆ?

ಆ ಕೊಳವೆ ನನಗೆ ಕಿವಿಯಾಗಿತ್ತು. ಮುನಿವೆಂಕಟಮ್ಮನ ಮನೆಯ ಮಾತೆಲ್ಲ ಅದರಲ್ಲಿ ಇಳಿದು ಬರುತ್ತಿತ್ತು. ಬಿದಿರು ಸೀಳುವ ಸದ್ದು, ಗಿರಾಕಿಗಳ ಜೊತೆ ಚೌಕಾಸಿ. "ಮೊರ ಅಲುಗಾಡಿಸಿ ನೋಡ್ತೀಯಲ್ಲವ್ವ, ಮೊಳಕೆ ಬರುತ್ತಾ ಅದರಲ್ಲಿ?" ಅನ್ನುತ್ತಿದ್ದಳು. ನಾನು ಒಳಗೇ ನಗುತ್ತಿದ್ದೆ. ಪ್ರತಿ ಶುಕ್ರವಾರ ಮಾತ್ರ ನಗು ಬರುತ್ತಿರಲಿಲ್ಲ. ಆ ದಿನ ಆಕೆ ಬುಟ್ಟಿ ಎತ್ತಿ, "ಗಂಗಮ್ಮ, ತಣ್ಣಗಿರು ತಾಯಿ" ಎಂದು ತುಳಸಿ ಹಾಕಿದ ಒಂದು ಚೊಂಬು ಅರಿಶಿನದ ನೀರು ಕೊಳವೆಗೆ ಹುಯ್ಯುತ್ತಿದ್ದಳು. ಅದು ತೊಟ್ಟು ತೊಟ್ಟಾಗಿ ಸಂಜೆಯವರೆಗೂ ನನ್ನ ಮೇಲೆ ಬೀಳುತ್ತಿತ್ತು. ಕಾರುಗಳ ಗಾಜಿಗೆ ಬೀಳುತ್ತಿತ್ತು. ಹೆಲ್ಮೆಟ್ಟಿಗೆ ಬೀಳುತ್ತಿತ್ತು. ಎಲ್ಲಾ ಬಿಟ್ಟು ಇಲ್ಲೇ ಹುಯ್ಯಬೇಕೇ ಎಂದು ಗೊಣಗುತ್ತಿದ್ದೆ.

ವರ್ಷಗಳು ಹೋದವು. ಜನರ ದೂರು ಬಂತು. ಸುರಂಗ ಸೋರುತ್ತಿದೆ ಎಂದು ಪೇಪರಿನಲ್ಲೂ ಬಂತು. ಯಾರ್ಯಾರೋ ಟಾರ್ಚು ಹಿಡಿದು ಬಂದು ಕತ್ತೆತ್ತಿ ನೋಡಿದರು. ಮೇಲಿನ ಮನೆಯ ಅಡಿಪಾಯದಲ್ಲಿ ಒರತೆ ಎದ್ದಿದೆ, ನೀರಿಗೆ ತುಕ್ಕಿನ ಬಣ್ಣ, ಮೇಲಿಂದಲೇ ಸಿಮೆಂಟು ಇಳಿಸಬೇಕು, ಅದಕ್ಕೆ ಮನೆ ಕೆಡವಬೇಕು ಎಂದು ತೀರ್ಮಾನಿಸಿದರು. ಮೇಲೆ ಹೋಗಿ ಹಿತ್ತಲನ್ನೂ ನೋಡಿದರು. ಮೇದರ ಮನೆಯಲ್ಲಿ ಬುಟ್ಟಿಗಳ ನಡುವೆ ಒಂದು ಬುಟ್ಟಿ ಕವುಚಿದ್ದರೆ ಯಾರಿಗೆ ಅನುಮಾನ ಬರುತ್ತದೆ?

ಮುನಿವೆಂಕಟಮ್ಮನಿಗೆ ನೋಟಿಸು ಬಂತು. ಬಾವಿ ಕೊಟ್ಟು ಉಳಿಸಿಕೊಂಡ ಮನೆ ಅದು. ಆ ಶುಕ್ರವಾರ ಅವಳು ಒಂದರ ಬದಲು ಎರಡು ಚೊಂಬು ಹುಯ್ದಳು. "ಮನೆ ಉಳಿಸು ತಾಯಿ" ಎಂದಳು. ನನ್ನ ಗೋಡೆಗಳು ಬಿರಿಯುವಷ್ಟು ಸಿಟ್ಟು ಬಂತು. ಹುಯ್ಯಬೇಡ, ನಿನ್ನ ಮನೆ ಕೆಡವುತ್ತಿರುವುದು ಈ ನೀರೇ ಎಂದು ಕೂಗೋಣವೆಂದರೆ ನನಗಿರುವುದು ಕಿವಿ ಮಾತ್ರ. ಬಾಯಿ ಎರಡಿದ್ದರೂ ಮಾತಿಲ್ಲ.

ಕೆಡವಲು ಸಹಿ ಹಾಕಬೇಕಾದವನು ಗುರುನಂಜಪ್ಪ. ಈಗ ಅವನೇ ದೊಡ್ಡ ಅಧಿಕಾರಿ, ಕೂದಲೂ ನರೆತಿತ್ತು. ಸಹಿಗೆ ಮುಂಚೆ ಒಮ್ಮೆ ನೋಡುತ್ತೇನೆ ಎಂದು ಅದೇ ದಿನ ಕೆಳಗೆ ಬಂದ. ಕತ್ತೆತ್ತಿ ನಿಂತಿದ್ದವನ ಬಿಳಿ ಅಂಗಿಯ ಮೇಲೆ ಒಂದು ತೊಟ್ಟು ಬಿತ್ತು. ಬೆರಳಿಂದ ಒರೆಸಿ ಮೂಸಿದ. ಅಷ್ಟರಲ್ಲಿ ಒಂದು ತುಳಸಿ ಎಲೆ ಅವನ ಭುಜದ ಮೇಲೆ ಬಂದು ಕೂತಿತು.

"ತುಕ್ಕಲ್ಲ ಕಣ್ರಯ್ಯಾ, ಅರಿಶಿನ" ಎಂದು ಜೊತೆಯವರನ್ನು ನೋಡಿ, ದಡದಡನೆ ಮೇಲಕ್ಕೆ ಹೋದ.

ಎರಡನೇ ಜಗಳವನ್ನೂ ನಾನು ಕೊಳವೆಯಲ್ಲೇ ಕೇಳಿದೆ.

"ಯಾರಮ್ಮ ಈ ಕೊಳವೆ ಇಟ್ಟಿದ್ದು?"

"ಚೌಡಪ್ಪ. ನಿನ್ನ ಬೆನ್ನ ಹಿಂದೇನೇ ಇಟ್ಟ. ನೀನು ಫೋನಲ್ಲಿ ಹಲ್ಲು ಕಿರೀತಿದ್ದೆ."

"ನೀವು ಹಾಕೋ ನೀರು ಕೆಳಗೆ ರಸ್ತೆ ಮೇಲೆ ಬೀಳ್ತಿದೆ. ಇದನ್ನ ಮುಚ್ಚಿದ್ರೆ ನಿಮ್ಮ ಮನೆ ತಂಟೆಗೆ ಯಾರೂ ಬರಲ್ಲ. ಬರೆದು ಕೊಡ್ತೀನಿ."

"ಮುಚ್ಚೋದಾ? ಈ ಮೂಗು ನಿನಗೆ ಇವತ್ತಿಗೂ ಕಾಣಲಿಲ್ವಾ?"

"ಮುಚ್ಚದೇ ಹೋದ್ರೆ ಮನೆ ಹೋಗುತ್ತಮ್ಮ. ನನ್ನ ಕೈಲೂ ಏನೂ ಇರಲ್ಲ."

ಮೇಲೆ ಚೊಂಬು ಎತ್ತಿಕೊಂಡ ಸದ್ದಾಯಿತು. ಆಮೇಲೆ ಆಕೆ, "ಅದು ಎಲ್ಲಿ ಬೀಳುತ್ತೆ, ನಾನು ನೋಡಬೇಕು" ಎಂದಳು.

ಜೀಪಿನಲ್ಲಿ ಕರೆತಂದ. ಒಂದು ಬದಿಯ ವಾಹನ ತಡೆದರು. ಹಾರ್ನುಗಳ ನಡುವೆ ಮುನಿವೆಂಕಟಮ್ಮ ಕೆಳಗಿಳಿದಳು. ಇಷ್ಟು ವರ್ಷ ಧ್ವನಿ ಕೇಳಿದ್ದೆ, ಆಳನ್ನು ಅಂದೇ ಕಂಡೆ. ಗಿಡ್ಡ, ಬಿದಿರಿನ ಗೀರುಗಳ ಕೈ. ಚಾವಣಿಯಲ್ಲಿ ದೀಪದ ಡಬ್ಬಿಯ ಮರೆಯಿಂದ ಇಣುಕುವ ಕೊಳವೆಯ ತುದಿಯನ್ನು ನೋಡಿದಳು. ಆಮೇಲೆ ನನ್ನ ಉದ್ದಕ್ಕೂ ನೋಡಿದಳು. ಗಾಳಿಗೆ ಅವಳ ಸೆರಗು ಹಾರಿತು.

"ಇದೇನಪ್ಪ ಗಾಳಿ?"

"ಫ್ಯಾನಮ್ಮ. ಹೊಗೆ ಹೊರಗೆ ಹೋಗಬೇಕಲ್ಲ."

"ಹಗಲೂ ರಾತ್ರೀನೂ ಬೀಸುತ್ತಾ?"

"ಬೀಸುತ್ತೆ."

"ಕರೆಂಟು ಹೋದ್ರೆ?"

"ಜನರೇಟರ್ ಇದೆ."

ಆಕೆ ಸೆರಗು ಸಿಕ್ಕಿಸಿಕೊಂಡಳು. "ನನ್ನ ಬಾವಿ ನನಗಿಂತ ಚೆನ್ನಾಗಿ ಉಸಿರಾಡ್ತಿದೆ ಇಲ್ಲಿ. ಮುಚ್ಕೊ ನಿನ್ನ ಕೊಳವೆ."

ಚೊಂಬಿನಲ್ಲಿ ಉಳಿದಿದ್ದ ಅರಿಶಿನದ ನೀರನ್ನು ನನ್ನ ಗೋಡೆಯ ಬುಡಕ್ಕೆ ಹುಯ್ದಳು. ಗುರುನಂಜಪ್ಪ ಜೀಪಿನ ಬಾಗಿಲು ತೆರೆದು ನಿಂತಿದ್ದ.

"ನೀನು ಹೋಗು. ನನ್ನ ಬಾವಿ ಎಷ್ಟುದ್ದ ಆಗಿದೆ ಅಂತ ನೋಡ್ಕೊಂಡು ಹೋಗ್ತೀನಿ."

ಸಂಜೆಗೆ ಕೊಳವೆಗೆ ಸಿಮೆಂಟು ಬಿತ್ತು. ಬಿದಿರು ಸೀಳುವ ಸದ್ದು ನಿಂತಿತು. ಮೇಲೆ ಮನೆ ಇದೆ. ಇದೆ ಎಂದು ನನಗೆ ಗೊತ್ತು, ನನ್ನ ಚಾವಣಿಯ ಮೇಲೆ ಅದರ ಭಾರ ಇದೆ. ಈಗ ನನ್ನ ಡಾಂಬರು ಹಳತಾಗಿದೆ, ಗೋಡೆಯಲ್ಲಿ ಸಣ್ಣ ಬಿರುಕುಗಳಿವೆ. ಶುಕ್ರವಾರ ಎಲ್ಲ ಗಾಜುಗಳೂ ಒಣಗಿಯೇ ಹೋಗುತ್ತವೆ. ಅದನ್ನು ನೋಡಿದರೂ ನನಗೆ ಸಿಟ್ಟು ಬರುತ್ತದೆ.

ಅವತ್ತು ಆಕೆ ಜೀಪು ಹತ್ತಲೇ ಇಲ್ಲ. ತಡೆದಿದ್ದ ವಾಹನಗಳನ್ನು ಬಿಟ್ಟರು. ಲಾರಿಗಳು ಪಕ್ಕದಲ್ಲೇ ಹಾದುಹೋದವು. ಖಾಲಿ ಚೊಂಬನ್ನು ಸೊಂಟಕ್ಕೆ ಒತ್ತಿಕೊಂಡು, ಅರಿಶಿನ ಮೆತ್ತಿದ ಇನ್ನೊಂದು ಅಂಗೈಯನ್ನು ನನ್ನ ಗೋಡೆಗೆ ಸವರಿಕೊಂಡು, ಪೂರ್ವದ ಬಾಯಿಯ ಬೆಳಕಿನ ಕಡೆಗೆ ನಡೆದಳು. ಗೋಡೆಯ ಮೇಲೆ ಹಳದಿ ಗೆರೆ ಮೂಡುತ್ತಾ ಹೋಯಿತು. ಬೆಳಕಿಗೆ ಕಾಲಿಟ್ಟವಳು ಹಿಂತಿರುಗಿ ನೋಡಲಿಲ್ಲ. ಮತ್ತೆ ಬರಲೂ ಇಲ್ಲ.