ಬೋಳು ಕತ್ತಿನವನ ಸಂಸಾರ

ಈ ಮರಿಗಳು ನನ್ನವೋ, ಅಲ್ಲವೋ? ಕಪ್ಪಿಯ ರೆಕ್ಕೆಯಡಿಯಿಂದ ಒಂದೊಂದೇ ತಲೆ ಹೊರಬಂದಾಗ ನಾನು ಮೊದಲು ನೋಡಿದ್ದು ಕತ್ತನ್ನು. ಎಲ್ಲವಕ್ಕೂ ಕತ್ತಿನ ತುಂಬ ತುಪ್ಪುಳ.

ನಾನು ಒಂದು ಬೋಳು ಕತ್ತಿನ ಹುಂಜ. ಹುಟ್ಟಿದ್ದು ಜವರಯ್ಯನ ಹಿತ್ತಿಲಲ್ಲಿ, ಮುರುಕು ಮಂಕರಿ ಬುಟ್ಟಿಯೊಳಗೆ. ನಮ್ಮ ವಂಶದವರಿಗೆ ಕತ್ತಿನಲ್ಲಿ ಪುಕ್ಕ ಬರುವುದಿಲ್ಲ. ಮಕ್ಕಳು ನೋಡಿ ನಗುತ್ತಾರೆ. ಜವರಯ್ಯನಿಗೆ ಮಾತ್ರ ಅದೇ ಹೆಮ್ಮೆ.

ಕೆಳಗಿನ ಕೇರಿಯ ಸಾಕಮ್ಮನ ಹುಂಜ ಕೆಂಪನನ್ನು ಕಾಡುಬೆಕ್ಕು ಹೊತ್ತುಕೊಂಡು ಹೋಯಿತು. ಹುಂಜವಿಲ್ಲದ ಮನೆಗೆ ಹುಂಜವನ್ನು ಎರವಲು ಕೊಡುವುದು ನಮ್ಮೂರ ವಾಡಿಕೆ. ಹುಟ್ಟಿದ ಮರಿಗಳಲ್ಲಿ ಅದನ್ನು ಹೋಲುವ ಒಂದು ಗಂಡುಮರಿ ಹುಂಜದ ಒಡೆಯನಿಗೆ ಸೇರಬೇಕು. ಕಾಲು ಕಟ್ಟಿ ನನ್ನನ್ನು ಸಾಕಮ್ಮನ ಕೈಗಿಡುವಾಗ ಜವರಯ್ಯ ಹೇಳಿದ:

"ನನ್ ಪಾಲಿಗೆ ಬೋಳ್ ಕತ್ತಿಂದೇ ಬೇಕು ಕಣಕ್ಕ. ಇವನ ಕೈಲಾಗ್ದಿದ್ರೆ ಮಾರಿಹಬ್ಬಕ್ಕೆ ಇವನ್ನೇ ಕುಯ್ಯೋದು."

ಆ ಹಿತ್ತಿಲಲ್ಲಿದ್ದ ಹೇಂಟೆ ಕಪ್ಪಿ ಒಂದೇ. ನಾನು ಒಂದು ರೆಕ್ಕೆ ಇಳಿಬಿಟ್ಟು ಅವಳ ಸುತ್ತ ಕುಣಿದೆ. ಹುಳು ಸಿಕ್ಕರೆ ತಿನ್ನದೆ ಅವಳನ್ನೇ ಕರೆದೆ. ಅವಳು ಬಂದು ಹುಳು ತಿಂದು ದೂರ ಹೋಗುತ್ತಿದ್ದಳು. ಸಂಜೆಯಾದರೆ ಕೆಂಪ ಕೂರುತ್ತಿದ್ದ ಮೋಟುಗೋಡೆಯ ಕಡೆಗೇ ಮುಖ. ಕೊನೆಗೊಂದು ಬೆಳಿಗ್ಗೆ ಅವಳು ನನ್ನೆದುರು ಕುಕ್ಕರಿಸಿದಳು. ನಾನು ಅವಳ ಬೆನ್ನೇರಿ ಇಳಿಯುವುದರೊಳಗೆ ಎಲ್ಲ ಮುಗಿದಿತ್ತು. ಅವಳು ಪುಕ್ಕ ಕೊಡವಿಕೊಂಡು ಮಣ್ಣು ಕೆದಕತೊಡಗಿದಳು.

ಮೊಟ್ಟೆಗಳನ್ನು ಸಾಕಮ್ಮ ರಾಗಿಯ ಮಡಕೆಯಲ್ಲಿ ಕೂಡಿಟ್ಟು ಕಾವಿಗೆ ಇಟ್ಟಳು. ಮೂರು ವಾರ ನಾನು ಯಾವುದಕ್ಕಾಗಿ ಕಾದೆನೋ ಅದು ಬರಲಿಲ್ಲ.

ಮರಿ ನೋಡಲು ಬಂದ ಜವರಯ್ಯ ನಕ್ಕ. "ಏನಕ್ಕ, ನನ್ ಹುಂಜ ನಿಮ್ಮನೇಲಿ ಬರೀ ಉಂಡ್ಕೊಂಡ್ ಬಿದ್ದಿತ್ತಾ?"

"ಅದ್ರ ತಪ್ಪಲ್ಲ ಕಣಪ್ಪ. ಹೋದ ಹುಂಜದ ಬಿತ್ತ ಕೋಳಿ ಹೊಟ್ಟೇಲಿ ಒಂದೆರಡ್ ವಾರ ನಿಂತಿರ್ತದೆ. ಇವನು ಬಂದ ಹೊಸದ್ರಲ್ಲಿ ಕಪ್ಪಿ ಇಕ್ಕಿದ ಮೊಟ್ಟೇನೇ ನಾನು ಕಾವಿಗಿಟ್ಟೆ."

"ಗೊತ್ತಿದ್ದೂ ಇಟ್ಯಾ?"

ಸಾಕಮ್ಮ ಒಂದು ಕೆಂಚು ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡಳು. "ನೋಡು, ನಮ್ ಕೆಂಪಂದೇ ಬಣ್ಣ. ಇನ್ನೊಂದ್ ಕಾವು ನೋಡವ, ಬುಡು."

"ಆಯ್ತು, ಇನ್ನೊಂದೇ. ಆಮೇಲೆ ಇವನು ಸಾರಿಗೇ."

ಕೆಂಪನ ಮರಿಗಳು ನನ್ನ ಕಾಲ ಸಂದಿಯಲ್ಲೇ ಓಡಾಡಿದವು. ಗೆದ್ದಲು ಕಂಡರೆ ಅವನ್ನೂ ಕರೆದೆ. ಮರಿಗಳು ನನ್ನ ಕರೆಗೆ ಓಡಿ ಬರುವಾಗ ನನ್ನವೇ ಎಂದು ಒಂದು ಕ್ಷಣ ಅನಿಸುತ್ತಿತ್ತು. ಕಪ್ಪಿ ನನ್ನನ್ನು ಕುಕ್ಕಿ ಓಡಿಸುತ್ತಿದ್ದಳು.

ಮರಿಗಳು ಬಲಿತ ಮೇಲೆ ಅವಳು ಅವನ್ನೂ ಕುಕ್ಕಿ ದೂರ ಮಾಡಿದಳು. ಅವಳ ಜುಟ್ಟು ಮತ್ತೆ ಕೆಂಪೇರಿತು. ಒಂದು ದಿನ ನಾನು ಕುಣಿಯುವ ಮೊದಲೇ ಬಂದು ಕುಕ್ಕರಿಸಿದಳು. ಆ ಕಾವಿನಲ್ಲಿ ಎರಡು ಮರಿಗಳು ಬೋಳು ಕತ್ತಿನವು. ಅವುಗಳಲ್ಲಿ ಗಂಡುಮರಿ ಬಲಿಯುವವರೆಗೆ ಕಾದು ಜವರಯ್ಯ ಅದನ್ನು ಕೊಂಡೊಯ್ದ. ನನ್ನ ಎದೆಮೂಳೆ ಒತ್ತಿ ನೋಡಿ, "ಇದು ಇಲ್ಲೇ ಇರ್ಲಿ ಬುಡಕ್ಕ. ಈ ಮುದಿಯ ಸಾರಿಗೂ ಬೇಯಕ್ಕಿಲ್ಲ" ಎಂದ.

ವರ್ಷಗಳು ಕಳೆದಿವೆ. ಈಗ ನಾನು ಕೂಗುವುದು ಕಡಿಮೆ. ಕಪ್ಪಿಯೂ ಮೊಟ್ಟೆ ಇಡುವುದನ್ನು ನಿಲ್ಲಿಸಿದ್ದಾಳೆ. ಸಾಕಮ್ಮ ನಮ್ಮಿಬ್ಬರಿಗೂ ಒಂದೇ ಕಡೆ ನುಚ್ಚು ಚೆಲ್ಲುತ್ತಾಳೆ. ಒಲೆಯ ಹಿಂದಿನ ಬೆಚ್ಚನೆಯ ಮೂಲೆಯಲ್ಲಿ ಪಕ್ಕಪಕ್ಕ ಮಲಗುತ್ತೇವೆ. ನನ್ನ ಬೋಳು ಕತ್ತಿಗೆ ಚಳಿ ಹೆಚ್ಚು. ಅವಳ ರೆಕ್ಕೆ ತಾಗಿದಷ್ಟು ಹೊತ್ತು ಸುಖ.

ಮೋಟುಗೋಡೆಯ ಮೇಲೆ ಈಗ ಆ ಕೆಂಚು ಮರಿಯೇ ದೊಡ್ಡ ಹುಂಜವಾಗಿ ಕೂಗುತ್ತದೆ. ಅದರದು ಅಪ್ಪ ಕೆಂಪನದೇ ಧ್ವನಿಯಂತೆ. ಕೇಳಿದ ಕೂಡಲೇ ಕಪ್ಪಿ ಎಚ್ಚೆತ್ತು ಕತ್ತು ನೀಳ ಮಾಡುತ್ತಾಳೆ. ಕೂಗು ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇರುತ್ತಾಳೆ.

ಒಂದೇ ಒಂದು ಸಲ ನನ್ನ ಕೂಗಿಗೂ ಅವಳು ಹಾಗೆ ತಲೆಯೆತ್ತಲಿ ಎಂದು ನಾನು ಆಸೆಪಟ್ಟಿದ್ದನ್ನು ಅವಳಿಗೆ ಎಂದೂ ಹೇಳಲಿಲ್ಲ.