ಅತ್ತೆ ಹಾಕಿದ ಪಥ್ಯ

ಒಂದು ತಲೆಯ ಕ್ಷೌರ ಮುಗಿಸುವಷ್ಟರಲ್ಲಿ ಗೋಡೆಗೊರಗುವಂತಾದ ಮೇಲೆ, ಕ್ಷೌರಿಕನನ್ನು ಹೆಂಡತಿ ಆಸ್ಪತ್ರೆಗೆ ಎಳೆದೊಯ್ದಳು. ಎಡಪಕ್ಕೆಯ ಕೆಳಗೆ ಹೊಟ್ಟೆಯೂ ಗಟ್ಟಿಯಾಗಿ ಉಬ್ಬಿತ್ತು. ಪರೀಕ್ಷೆಯಲ್ಲಿ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು.

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಬಿಡಿಸಿ ಹೇಳಿದರು: “ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣ ಹುಟ್ಟುತ್ತೆ. ಯಾವಾಗ ಹುಟ್ಟಬೇಕು, ಯಾವಾಗ ಸಾಕು ಅಂತ ಸಂಕೇತ ಕೊಡೋಕೆ ಪ್ರೋಟೀನ್‌ಗಳಿವೆ. ನಿಮ್ಮಲ್ಲಿ ಒಂದು ಪ್ರೋಟೀನ್ ಕೆಟ್ಟಿದೆ. ‘ಹುಟ್ಟಿ, ಹುಟ್ಟಿ’ ಅಂತ ಸಂಕೇತ ಕೊಡ್ತಾನೇ ಇದೆ, ನಿಲ್ಲಿಸೋದೇ ಇಲ್ಲ. ಈ ಮಾತ್ರೆ ಅದನ್ನ ಕಟ್ಟಿಹಾಕುತ್ತೆ. ದಿನಾ ತಗೊಳ್ಳಿ, ತಪ್ಪಿಸಬೇಡಿ.”

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದಳು. “ಏನಂತೆ?”

“ಎಲ್ಲ ಪ್ರೋಟೀನ್ ಮಾಡಿದ ಕೆಲಸ, ಅತ್ತೆ.”

ಅಷ್ಟೇ ಸಾಕಾಯಿತು. ಪ್ರೋಟೀನ್ ಯಾವುದರಲ್ಲಿರುತ್ತದೆಂದು ಯಾರಿಗೆ ಗೊತ್ತಿಲ್ಲ! ಮೊಟ್ಟೆ, ಬೇಳೆ, ಹಾಲು ಮರುದಿನದಿಂದಲೇ ಮನೆಯಿಂದ ಗಡೀಪಾರಾದವು.

“ಡಾಕ್ಟ್ರು ಹಾಗೆ ಹೇಳಲಿಲ್ಲಮ್ಮ,” ಎಂದಳು ಹೆಂಡತಿ.

“ನೀನು ಸುಮ್ನಿರು. ಉಳಿಬೇಕಾದ್ದು ನನ್ನ ಅಳಿಯ.”

ಅಂಗಡಿಯಲ್ಲಿ ಮಾತಿನ ಮಲ್ಲನಾದ ಕ್ಷೌರಿಕ ಅತ್ತೆಯ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ಒಳಗೊಳಗೆ ಹೆದರಿಕೆಯೂ ಇತ್ತು. ಅವಳ ಮಾತೇ ನಿಜವಾಗಿದ್ದರೆ? ಗಂಜಿ ಕುಡಿದ, ಬೇಯಿಸಿದ ಸೋರೆಕಾಯಿ ನುಂಗಿದ.

ಮಾತ್ರೆ ತನ್ನ ಕೆಲಸ ಮಾಡಿತು. ಹೊಟ್ಟೆಯ ಉಬ್ಬು ಇಳಿಯಿತು. ಆದರೆ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಮುಂದಿನ ಸಲ ಆಸ್ಪತ್ರೆಗೆ ಅತ್ತೆಯೂ ಜೊತೆಗೆ ಹೊರಟಳು.

“ರಿಪೋರ್ಟ್ ತುಂಬ ಚೆನ್ನಾಗಿದೆ,” ಎಂದ ಡಾಕ್ಟರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಇಷ್ಟೊಂದು ಸೊರಗಿದ್ದೀರಲ್ಲ, ಊಟ ಮಾಡ್ತಿಲ್ವಾ?”

ಅತ್ತೆ ಎದೆಯುಬ್ಬಿಸಿದಳು. “ಪ್ರೋಟೀನ್ ಅನ್ನೋದನ್ನ ಬಾಯಿಗೂ ಸೋಕಿಸಿಲ್ಲ ಡಾಕ್ಟ್ರೇ!”

ಡಾಕ್ಟರಮ್ಮ ಒಂದು ಕ್ಷಣ ಪಿಳಿಪಿಳಿ ನೋಡಿ, ನಗು ತಡೆಯಲಾಗದೆ ಮೇಜು ಹಿಡಿದುಕೊಂಡರು. “ಅಯ್ಯೋ ಅಮ್ಮ, ಆ ಕೆಟ್ಟ ಪ್ರೋಟೀನ್ ಜೀವಕೋಶದೊಳಗೇ ತಯಾರಾಗೋದು. ತಟ್ಟೆಯಿಂದ ಹೋಗಿದ್ದಲ್ಲ. ಇವರು ಚೆನ್ನಾಗಿ ತಿನ್ನಬೇಕು!”

ಮನೆಗೆ ಬಂದವಳೇ ಅತ್ತೆ ಬಾಣಲೆಯನ್ನು ಒಲೆಗಿಟ್ಟು ಮೊಟ್ಟೆ ಒಡೆದಳು. ಅವನ ತಟ್ಟೆ ತುಂಬಿದ ಮೇಲೆ ತನಗೂ ಒಂದು ಹಾಕಿಕೊಂಡು ಆಸೆಯಿಂದ ಬಾಯಿಗಿಟ್ಟಳು. ಅಳಿಯನಿಗಿಲ್ಲದ್ದು ತನಗೂ ಬೇಡವೆಂದು ಅವಳೂ ಇಷ್ಟು ದಿನ ಗಂಜಿಯಲ್ಲೇ ಕಳೆದಿದ್ದಳೆಂದು ಅವನಿಗೆ ಆಗ ಹೊಳೆಯಿತು.

“ಉಪ್ಪು ಸಾಲದು, ಅತ್ತೆ,” ಎಂದ.

“ಹಾಕ್ಕೊಳ್ಳಿ. ಅದನ್ನ ಡಾಕ್ಟ್ರೂ ಬೇಡ ಅಂದಿಲ್ಲ, ನಾನೂ ಅಂದಿಲ್ಲ.”